ಮಗನ ಅಸೆಸ್‌ಮೆಂಟ್ ರಿಪೋರ್ಟ್ ಬಂತು, ಇದನ್ನು ಓದುವುದು ಹೇಗೆ?

ಬಿಟ್ಟಂಗಾಲದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಹತ್ತಿರದವರು. ಮಗನಿಗೆ 9 ವರ್ಷ, ಸಿಬಿಎಸ್‌ಇ ಶಾಲೆಯಲ್ಲಿ 4ನೇ ತರಗತಿ. ಓದಲು ಕೂತರೆ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಅವನಿಗೂ ಅಳು, ನನಗೂ ಅಳು. ಬೋರ್ಡಿನಿಂದ ಬರೆದುಕೊಳ್ಳುವ ನೋಟ್ಸ್ ಯಾವಾಗಲೂ ಅರ್ಧಕ್ಕೇ ನಿಂತಿರುತ್ತದೆ. ಅದೇ ಹುಡುಗ ಅಪ್ಪನ ಜೊತೆ ಕೂತು ತೋಟದ ಸ್ಪ್ರೇಯರ್ ಬಿಚ್ಚಿ, ಸಾಮಾನೆಲ್ಲ ಸಾಲಾಗಿ ಇಟ್ಟು, ತಿರುಗಿ ಜೋಡಿಸುತ್ತಾನೆ.

ಶಾಲೆಯವರು ಹೇಳಿದ ಮೇಲೆ ಮೈಸೂರಿನಲ್ಲಿ ಅಸೆಸ್‌ಮೆಂಟ್ ಮಾಡಿಸಿದೆವು. ರಿಪೋರ್ಟಿನಲ್ಲಿ ಇರುವುದು ಹೀಗೆ. ವಿಸ್ಕ್ ಅನ್ನುವ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಒಟ್ಟು ಐಕ್ಯೂ 93, ಪರ್ಸೆಂಟೈಲ್ 32. ಭಾಷೆಯ ಭಾಗದಲ್ಲಿ 93. ಕಣ್ಣಲ್ಲಿ ನೋಡಿ ಯೋಚಿಸುವ ಭಾಗದಲ್ಲಿ 117. ವರ್ಕಿಂಗ್ ಮೆಮೊರಿ 83. ಪ್ರೊಸೆಸಿಂಗ್ ಸ್ಪೀಡ್ 80. ನಿಮ್ಹಾನ್ಸ್ ಬ್ಯಾಟರಿ ಅನ್ನುವ ಕಲಿಕೆಯ ಪರೀಕ್ಷೆಗಳಲ್ಲಿ ಓದು ಮತ್ತು ಸ್ಪೆಲಿಂಗ್ 2ನೇ ತರಗತಿ ಮಟ್ಟ, ಲೆಕ್ಕ 4ನೇ ತರಗತಿ ಮಟ್ಟ. ಗಮನದ ಬಗ್ಗೆ ನಾವು ತುಂಬಿದ ಫಾರಂನಲ್ಲಿ 9ಕ್ಕೆ 7, ಕ್ಲಾಸ್ ಟೀಚರ್ ತುಂಬಿದ್ದರಲ್ಲಿ 9ಕ್ಕೆ 6. ಚಡಪಡಿಕೆಯ ಭಾಗದಲ್ಲಿ ಇಬ್ಬರದ್ದೂ 2. ಕೊನೆಯಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆ ಮತ್ತು ಎಡಿಎಚ್‌ಡಿ (ಗಮನ, ಚಡಪಡಿಕೆಯ ತೊಂದರೆ), ಅದರಲ್ಲಿ ಗಮನದ ಕೊರತೆ ಮುಖ್ಯವಾಗಿರುವ ಬಗೆ, ಅಂತ ಬರೆದಿದ್ದಾರೆ.

ಅಲ್ಲಿ ವಿವರಿಸಿದರು, ಆದರೆ ಆಗ ತಲೆಗೆ ಹೋಗಲಿಲ್ಲ. 32 ಅಂದರೆ ಫೇಲಾ? ಒಂದೇ ಮಗುವಿಗೆ ಎರಡು ಕಾಯಿಲೆಯಾ? ಮಾತ್ರೆ ಶುರು ಮಾಡಲೇಬೇಕಾ? ಇದನ್ನು ಶಾಲೆಗೆ ಕೊಟ್ಟರೆ ಮಗನನ್ನು ಬೇರೆ ಕಣ್ಣಿನಿಂದ ನೋಡುತ್ತಾರಾ? ಗೊತ್ತಿರುವವರು ದಯವಿಟ್ಟು ಹೇಳಿ.

ಗೋಣಿಕೊಪ್ಪ ಮಿಸ್:

ಅಕ್ಕ, ಮೊದಲು ಆ 32ರ ವಿಷಯ. ಪರ್ಸೆಂಟೈಲ್ ಅಂದರೆ ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗ ಸುಮಾರು 32 ಮಕ್ಕಳಿಗಿಂತ ಮುಂದೆ ಇದ್ದಾನೆ ಅಂತ. 50 ಅಂದರೆ ನಟ್ಟನಡುವೆ. ಐಕ್ಯೂ 90ರಿಂದ 109ರವರೆಗೆ ಸಾಮಾನ್ಯ ಮಟ್ಟ, ನಿಮ್ಮ ಮಗನದ್ದು ಅದರೊಳಗೇ ಇದೆ. ಫೇಲು, ಪಾಸು ಅನ್ನುವುದು ಈ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ.

ನನಗೆ ಒಂದು ವಿಷಯ ಗೊತ್ತಾಗಬೇಕು. ಮನೆಯಲ್ಲಿ ಯಾವ ಭಾಷೆ? ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರು?

ಬಿಟ್ಟಂಗಾಲದ ಅಮ್ಮ:

ಮಿಸ್, ಮನೆಯಲ್ಲಿ ಕೊಡವ ತಕ್ಕ್. ಅಜ್ಜಿ ಜೊತೆ ಇಡೀ ದಿನ ಅದೇ. ಕನ್ನಡ ತೋಟದ ಕೆಲಸದವರ ಜೊತೆ. ಇಂಗ್ಲಿಷ್ ಶಾಲೆಯಲ್ಲಿ ಮಾತ್ರ. ಪರೀಕ್ಷೆ ಇಂಗ್ಲಿಷಿನಲ್ಲಿ ಆಯಿತು, ಅವನಿಗೆ ಅರ್ಥ ಆಗದಿದ್ದಾಗ ಕನ್ನಡದಲ್ಲಿ ಕೇಳಿದರಂತೆ.

ಮೈಸೂರಲ್ಲಿರುವ ಕೊಡಗಿನವಳು:

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಇಂಥ ಪರೀಕ್ಷೆಗಳನ್ನು ಮಾಡುವವಳು. ನಿಮ್ಮ ಮಗನನ್ನು ನಾನು ನೋಡಿಲ್ಲ, ಆದ್ದರಿಂದ ರೋಗನಿರ್ಣಯದ ಬಗ್ಗೆ ಅವನನ್ನು ನೋಡಿದವರ ಮಾತೇ ಮಾತು. ಅಂಕಿಗಳನ್ನು ಹೇಗೆ ಓದಬೇಕು ಅನ್ನುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಎಲ್ಲರ ಕಣ್ಣೂ ಮೊದಲು ಬೀಳುವುದು ಒಟ್ಟು ಐಕ್ಯೂ ಮೇಲೆ. ನಿಮ್ಮ ಮಗನ ರಿಪೋರ್ಟಿನಲ್ಲಿ ತೀರಾ ಕಡಿಮೆ ಕೆಲಸಕ್ಕೆ ಬರುವ ಅಂಕಿ ಅದೇ. ಅವನ ನಾಲ್ಕು ಭಾಗಗಳಲ್ಲಿ ಅತಿ ಮೇಲಿನದು 117, ಅತಿ ಕೆಳಗಿನದು 80. ಅಂತರ 37. ವಿಸ್ಕ್‌ನ ನಾಲ್ಕನೇ ಆವೃತ್ತಿಯಲ್ಲಿ ಈ ಅಂತರ 23 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಟ್ಟು ಅಂಕಿಯನ್ನು ನೆಚ್ಚಿಕೊಳ್ಳಬಾರದು ಅನ್ನುವುದು ನಾವೆಲ್ಲ ಅನುಸರಿಸುವ ರೂಢಿ. ಭಾಗಮಂಡಲದ ಜೋರು ಮಳೆಯನ್ನೂ ಕುಶಾಲನಗರದ ಕಡಿಮೆ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಲೆಕ್ಕ ಎರಡು ಊರಿಗೂ ಸೇರುವುದಿಲ್ಲ ಅಲ್ವಾ? ಇದೂ ಹಾಗೇ. ಭಾಷೆ ಮತ್ತು ನೋಡಿ ಯೋಚಿಸುವ ಭಾಗ ಎರಡನ್ನೇ ಸೇರಿಸಿ ಜಿಎಐ ಅನ್ನುವ ಇನ್ನೊಂದು ಅಂಕ ತೆಗೆಯಬಹುದು. ನಿಮ್ಮ ಮಗನಿಗೆ ಅದು 93ಕ್ಕಿಂತ ಮೇಲೆಯೇ ಬರುತ್ತದೆ. ರಿಪೋರ್ಟ್ ಕೊಟ್ಟವರನ್ನು ಫೋನ್ ಮಾಡಿ ಕೇಳಿ, ಲೆಕ್ಕ ಹಾಕಿ ಕೊಡುತ್ತಾರೆ.

ಈಗ ಒಂದೊಂದಾಗಿ. 117 ಬಂದಿರುವ ಭಾಗದಲ್ಲಿ ಕೆಂಪು ಬಿಳಿ ಬ್ಲಾಕ್‌ಗಳನ್ನು ಜೋಡಿಸಿ ಚಿತ್ರದಲ್ಲಿರುವ ವಿನ್ಯಾಸ ಮಾಡುವುದು, ಚಿತ್ರಗಳ ನಡುವೆ ಸಂಬಂಧ ಹುಡುಕುವುದು ಇಂಥದ್ದು ಇರುತ್ತದೆ. 100 ಮಕ್ಕಳಲ್ಲಿ ಸುಮಾರು 87 ಮಕ್ಕಳಿಗಿಂತ ಮುಂದೆ. ನೀವು ಹೇಳಿದ ಸ್ಪ್ರೇಯರ್ ಇದೇ ಶಕ್ತಿಯ ಕೆಲಸ.

ವರ್ಕಿಂಗ್ ಮೆಮೊರಿ ಅಂದರೆ ಕೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವುದು. ಪರೀಕ್ಷೆಯಲ್ಲಿ ಅಂಕಿಗಳನ್ನು ಹೇಳಿ, ಹಿಂದಿನಿಂದ ಮುಂದಕ್ಕೆ ತಿರುಗಿಸಿ ಹೇಳು ಅನ್ನುತ್ತೇವೆ. ಕ್ಲಾಸಿನಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಮಿಸ್ ‘ಪುಸ್ತಕ ತೆಗೆಯಿರಿ, 42ನೇ ಪುಟ, ಮೂರನೇ ಪ್ರಶ್ನೆ, ಡೇಟ್ ಹಾಕಿ’ ಅಂದರೆ ಇವನು ಪುಸ್ತಕ ತೆಗೆದು ಕೂತಿರುತ್ತಾನೆ. ಉಳಿದದ್ದು ಹೋಯಿತು. ಮಾತು ಕೇಳದ ಹುಡುಗ ಅನ್ನಿಸಿಕೊಳ್ಳುತ್ತಾನೆ.

ಪ್ರೊಸೆಸಿಂಗ್ ಸ್ಪೀಡ್ 80 ಅನ್ನುವುದನ್ನು ಬುದ್ಧಿ ನಿಧಾನ ಅಂತ ಓದಬೇಡಿ. ಅದರ ಒಂದು ಭಾಗದಲ್ಲಿ ಪ್ರತಿ ಅಂಕಿಗೆ ಒಂದು ಗುರುತು ಕೊಟ್ಟಿರುತ್ತಾರೆ, 120 ಸೆಕೆಂಡಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಬೇಕು. ಕಣ್ಣು, ಕೈ, ಗಮನ ಮೂರೂ ಒಟ್ಟಿಗೆ ಓಡಬೇಕು. ಬೋರ್ಡಿನಿಂದ ನೋಟ್ಸ್ ಇಳಿಸುವುದೂ ಹೆಚ್ಚು ಕಡಿಮೆ ಅದೇ ಕೆಲಸ. ಅರ್ಧಕ್ಕೆ ನಿಲ್ಲುವ ನೋಟ್ಸ್‌ಗೆ ಕಾರಣ ರಿಪೋರ್ಟಿನ ಈ ಸಾಲಿನಲ್ಲಿದೆ.

ಭಾಷೆಯ 93ರ ಬಗ್ಗೆ ಗೋಣಿಕೊಪ್ಪ ಮಿಸ್ ಕೇಳಿದ ಪ್ರಶ್ನೆ ಬಹಳ ಮುಖ್ಯ. ಶಬ್ದಗಳ ಅರ್ಥ ಹೇಳುವುದು, ಎರಡು ವಸ್ತುಗಳಲ್ಲಿ ಏನು ಹೋಲಿಕೆ ಅಂತ ವಿವರಿಸುವುದು, ಇವೆಲ್ಲ ಅವನು ಮನೆಯಲ್ಲಿ ಆಡದ ಭಾಷೆಯಲ್ಲಿ ನಡೆದಿವೆ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಆಡುವ ಮನೆಯ ಮಕ್ಕಳಿಗೆಲ್ಲ ಇದೇ ಕಥೆ. ಈ 93 ಅವನ ಮಾತಿನ ಶಕ್ತಿಯ ಕೆಳಗಿನ ಗಡಿ ಇರಬಹುದು, ಮೇಲಿನದಲ್ಲ. ಯಾವ ಭಾಷೆಯಲ್ಲಿ ಪರೀಕ್ಷೆ ಆಯಿತು, ಮನೆ ಭಾಷೆ ಯಾವುದು ಎಂದು ರಿಪೋರ್ಟಿನಲ್ಲಿ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಸೇರಿಸಿ ಕೊಡಲು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನು ಎರಡು ಕಾಯಿಲೆಯಾ ಅಂತ ಕೇಳಿದಿರಿ. ಓದಿನ ತೊಂದರೆ ಮತ್ತು ಗಮನದ ತೊಂದರೆ ಒಂದೇ ಮಗುವಿನಲ್ಲಿ ಇರುವುದು ಬಹಳ ಸಾಮಾನ್ಯ. ಆದರೆ ಎರಡಕ್ಕೂ ದಾರಿ ಬೇರೆ ಬೇರೆ. ಅದನ್ನು ಮುಂದೆ ಬರೆಯುತ್ತೇನೆ.

ಹಳೇ ತೋಟಗಾರ, ಸಿದ್ದಾಪುರ:

ನೀವೆಲ್ಲ ಓದಿದವರು, ನಿಮ್ಮ ಮಾತಿಗೆ ನಾನು ಎದುರು ಹೇಳುತ್ತಿಲ್ಲ. ಆದರೂ ಒಂದು ಮಾತು ಹೇಳದೆ ಇರಲಾರೆ. ನಮ್ಮ ಕಾಲದಲ್ಲಿ ಓದು ಹತ್ತದ ಹುಡುಗರು ಬೇಕಾದಷ್ಟು ಇದ್ದರು. ಸೈನ್ಯಕ್ಕೆ ಹೋದರು, ತೋಟ ನೋಡಿಕೊಂಡರು, ಹಾಕಿ ಆಡಿ ಹೆಸರು ತಂದರು. ಯಾರೂ ಅವರ ಹಣೆಗೆ ಚೀಟಿ ಅಂಟಿಸಲಿಲ್ಲ. 9 ವರ್ಷದ ಹುಡುಗ ಯಂತ್ರ ಬಿಚ್ಚಿ ಜೋಡಿಸುತ್ತಾನೆ ಅಂದರೆ ಇನ್ನೇನು ಬೇಕಮ್ಮಾ? ಈ ಹೆಸರು ಒಮ್ಮೆ ಅಂಟಿದರೆ ಬಿಡುವುದಿಲ್ಲ. ಆ ಭಯ ನನಗೆ.

ಮಡಿಕೇರಿ ವೈರಿಂಗ್:

ಸರ್, ನೀವು ಹೇಳಿದ ಆ ಓದು ಹತ್ತದ ಹುಡುಗ ನಾನು. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಮ್ಮ ಹಣೆಗೆ ಚೀಟಿ ಅಂಟಿಸಿದ್ದರು. ದಡ್ಡ, ಸೋಮಾರಿ, ಎಮ್ಮೆ. ಅದಕ್ಕೆ ರಿಪೋರ್ಟ್ ಬೇಕಿರಲಿಲ್ಲ ಅಷ್ಟೇ.

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಬಿಟ್ಟು ಉಳಿದದ್ದೆಲ್ಲ ಹೋಯಿತು. ಶಾಲೆಯಲ್ಲಿ ನಿಂತು ಓದು ಅಂದಾಗಲೆಲ್ಲ ಹೊಟ್ಟೆನೋವು ಬರುತ್ತಿತ್ತು. ಸುಳ್ಳಲ್ಲ, ನಿಜವಾಗಿಯೂ ಬರುತ್ತಿತ್ತು. ಇವತ್ತು ನಾನು ಮೂರು ಮಹಡಿ ಮನೆಯ ವೈರಿಂಗ್ ನಕ್ಷೆ ಇಲ್ಲದೆ ತಲೆಯಲ್ಲೇ ಹಾಕಿಕೊಳ್ಳುತ್ತೇನೆ. ಆದರೆ ವಾಟ್ಸಾಪಿನಲ್ಲಿ ಉದ್ದ ಮೆಸೇಜ್ ಬಂದರೆ ಫೋನಿಗೆ ಓದಿ ಹೇಳಲು ಬಿಡುತ್ತೇನೆ. ಇದನ್ನೂ ಮಾತಾಡಿಯೇ ಟೈಪ್ ಮಾಡಿಸುತ್ತಿದ್ದೇನೆ. ನನ್ನ ತಮ್ಮನ ಮಗಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಂದರೆ, ಅಂದಾಗ ಅವಳ ಲಕ್ಷಣ ಒಂದೊಂದೂ ನನ್ನದೇ ಅನ್ನಿಸಿತು. ಆಗ ನನಗೆ ಯಾರಾದರೂ ಇದಕ್ಕೊಂದು ಹೆಸರಿದೆ, ಇದು ನಿನ್ನ ತಪ್ಪಲ್ಲ ಅಂತ ಹೇಳಿದ್ದರೆ ಶಾಲೆಯಲ್ಲಿ ಕಳೆದ ವರ್ಷಗಳು ಬೇರೆ ಥರ ಇರುತ್ತಿದ್ದವು. ಅಕ್ಕ, ಮಗನಿಗೆ ಹೇಳಿ. ಮುಚ್ಚಿಡಬೇಡಿ.

ಹಳೇ ತೋಟಗಾರ, ಸಿದ್ದಾಪುರ:

ಓದಿದೆ ತಮ್ಮಾ. ಇದನ್ನು ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. ಹುಡುಗನಿಗೆ ಹೇಗೆ ಹೇಳಬೇಕು ಅನ್ನುವುದನ್ನೂ ಯಾರಾದರೂ ಬರೆಯಿರಿ. ನನ್ನ ಮೊಮ್ಮಗನೂ ಇದೇ ವಯಸ್ಸಿನವನು.

ಗೋಣಿಕೊಪ್ಪ ಮಿಸ್:

ಸರ್, ಮಗುವಿಗೆ ಉದ್ದದ ಹೆಸರು ಬೇಡ. ‘ನಿನ್ನ ತಲೆ ನೋಡಿ ಕಲಿಯುವುದರಲ್ಲಿ ತುಂಬಾ ಚುರುಕು. ಅಕ್ಷರ ಸೇರಿಸಿ ಓದುವುದಕ್ಕೆ ಜಾಸ್ತಿ ಹೊತ್ತು ಬೇಕು. ಅದಕ್ಕೆ ಬೇರೆ ರೀತಿ ಕಲಿಸುತ್ತೇವೆ’ ಅಷ್ಟು ಸಾಕು. ಮಕ್ಕಳಿಗೆ ತಮ್ಮ ಕಷ್ಟ ಮೊದಲೇ ಗೊತ್ತಿರುತ್ತದೆ. ನಮಗೂ ಗೊತ್ತಾಯಿತು ಅಂತ ತಿಳಿದರೆ ಅವರಿಗೆ ಸಮಾಧಾನ.

ಅಕ್ಕ, ಅವನ ಕನ್ನಡ ನೋಟ್‌ಬುಕ್ ಇದ್ದರೆ ಡಿಕ್ಟೇಷನ್‌ನ ನಾಲ್ಕು ಪದ ಹೇಗೆ ಬರೆದಿದ್ದಾನೋ ಹಾಗೇ ಹಾಕುತ್ತೀರಾ?

ಬಿಟ್ಟಂಗಾಲದ ಅಮ್ಮ:

ಮಿಸ್, ನಿನ್ನೆಯದ್ದೇ ಇದೆ. ಬೆಟ್ಟಕ್ಕೆ ‘ಬೆಟ’, ಹಕ್ಕಿಗೆ ‘ಹಕಿ’, ಸೂರ್ಯನಿಗೆ ‘ಸುರಯ’, ಕಾಡಿಗೆ ‘ಕಡು’. ಟೀಚರ್ ಎಲ್ಲದಕ್ಕೂ ಕೆಂಪು ಗೀಟು ಹಾಕಿ ಹತ್ತು ಹತ್ತು ಸಲ ಬರೆ ಅಂದಿದ್ದಾರೆ.

ಗೋಣಿಕೊಪ್ಪ ಮಿಸ್:

ಇದನ್ನು ನಿಧಾನವಾಗಿ ನೋಡಿ ಅಕ್ಕ. ನಾಲ್ಕು ಪದದಲ್ಲೂ ವ್ಯಂಜನ ಸರಿ ಇದೆ. ಮೊದಲ ವ್ಯಂಜನ, ಕೊನೆ ವ್ಯಂಜನ, ಅವು ಬರುವ ಕ್ರಮ, ಎಲ್ಲ ಸರಿ. ತಪ್ಪಿರುವುದು ಎರಡೇ ಕಡೆ: ಒತ್ತಕ್ಷರ ಮತ್ತು ದೀರ್ಘ. ಸೂರ್ಯದಲ್ಲಿ ಎರಡೂ ಸೇರಿದೆ. ಇದು ಗೊತ್ತಾದರೆ ಏನು ಕಲಿಸಬೇಕು ಅಂತಲೂ ಗೊತ್ತಾಯಿತು. ಹತ್ತು ಸಲ ‘ಬೆಟ್ಟ’ ಬರೆದರೆ ಒತ್ತು ಬರುವುದಿಲ್ಲ, ಕೈ ನೋಯುತ್ತದೆ ಅಷ್ಟೇ. ‘ಬೆಟ್’ ಅಂತ ನಿಲ್ಲಿಸಿ, ‘ಟ’ ಅಂತ ಮುಂದುವರಿಸಿ, ಎರಡು ಚಪ್ಪಾಳೆ. ಕಾಡು ಅನ್ನುವಾಗ ‘ಕಾ’ ಎಳೆಯುತ್ತಾ ಬೆರಳಲ್ಲಿ ಗೆರೆ ಎಳೆಯಬೇಕು. ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳಲ್ಲಿ ಬರೆಯುವುದು ನಮ್ಮ ಹಿರಿಯರೇ ಮಾಡಿಸುತ್ತಿದ್ದರಲ್ಲ, ಅದು ಇಂಥ ಮಕ್ಕಳಿಗೆ ಬಹಳ ಒಳ್ಳೆಯದು. ಒಂದು ದಿನಕ್ಕೆ ಒಂದೇ ಒತ್ತು ಸಾಕು.

ಇನ್ನೊಂದು. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪ. ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಸೊನಾಲಿ ನಾಗ್ ಅವರು ಮಾಡಿದ ಸಂಶೋಧನೆಯಲ್ಲಿ, ಅಕ್ಷರ ಪೂರ್ತಿ ಕೈಗೆ ಹತ್ತಲು ಪ್ರಾಥಮಿಕ ಶಾಲೆಯ ಹಲವು ವರ್ಷ ಬೇಕು ಅಂತ ಕಂಡಿದೆ. ವಾರಕ್ಕೆ ಕೆಲವೇ ಪೀರಿಯಡ್ ಕನ್ನಡ ಇರುವ ನಿಮ್ಮ ಮಗ 4ನೇ ತರಗತಿಯಲ್ಲಿ ಒತ್ತು ಬಿಟ್ಟರೆ ಅದಷ್ಟನ್ನೇ ಹಿಡಿದು ಡಿಸ್ಲೆಕ್ಸಿಯಾ ಅನ್ನಲಾಗದು. ಇಂಗ್ಲಿಷಿನಲ್ಲೂ ಹಿಂದಿದ್ದಾನೆ, ಲೆಕ್ಕದಲ್ಲಿ ಇಲ್ಲ ಅನ್ನುವುದರಿಂದ ರಿಪೋರ್ಟಿಗೆ ಬಲ ಬಂದಿದೆ.

ಕುಶಾಲನಗರ ಅಪ್ಪ:

ಮಾತ್ರೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನ ಮಗಳು 5ನೇ ತರಗತಿ. ಅವಳಿಗೆ ಎಡಿಎಚ್‌ಡಿ ಮಾತ್ರ, ಓದಿನ ತೊಂದರೆ ಇಲ್ಲ. ಮನೋವೈದ್ಯರು ಮೊದಲು ಮಾತ್ರೆ ಕೊಡಲಿಲ್ಲ. ಮನೆಯಲ್ಲಿ ದಿನಚರಿ, ನಿದ್ದೆ, ಶಾಲೆಯಲ್ಲಿ ಮುಂದಿನ ಬೆಂಚು, ಇವನ್ನೆಲ್ಲ ಮಾಡಿಸಿದರು. ಸಾಲದು ಅನ್ನಿಸಿದಾಗ ಮೀಥೈಲ್‌ಫೆನಿಡೇಟ್ ಶುರುವಾಯಿತು.

ನಮ್ಮ ಮನೆಯಲ್ಲಿ ಆದದ್ದು: ಬೆಳಗ್ಗೆ ತಿಂಡಿ ಜೊತೆ ಕೊಟ್ಟರೆ ಶಾಲೆ ಶುರುವಾಗುವ ಹೊತ್ತಿಗೆ ಕೆಲಸ ಮಾಡುತ್ತಿತ್ತು, ನಾಲ್ಕು ಗಂಟೆ ಹೊತ್ತು ಇರುತ್ತಿತ್ತು. ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಅದಕ್ಕೆ ಬೆಳಗ್ಗೆ ಕಡುಬು, ಮೊಟ್ಟೆ ಗಟ್ಟಿಯಾಗಿ ತಿನ್ನಿಸಿ, ಸಂಜೆ ಇನ್ನೊಂದು ಊಟ ಅಂತ ಮಾಡಿಕೊಂಡೆವು. ಡಾಕ್ಟರ್ ಪ್ರತಿ ಸಲ ತೂಕ, ಎತ್ತರ, ಬಿಪಿ, ನಾಡಿ ನೋಡುತ್ತಾರೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಈ ಮಾತ್ರೆ ಕೊಡುವುದಿಲ್ಲ, ಕೊಡಲೂ ಬಾರದು. ಮಗಳು ಮಂಕಾಗುತ್ತಾಳೆ ಅಂತ ಹೆದರಿದ್ದೆ. ಮಂಕಾದರೆ ಡೋಸ್ ಸರಿ ಇಲ್ಲ ಅಂತ ಅರ್ಥ, ತಕ್ಷಣ ಹೇಳಿ ಅಂದಿದ್ದರು. ಹಾಗಾಗಲಿಲ್ಲ. ‘ಅಪ್ಪಾ, ಇವತ್ತು ಮಿಸ್ ಹೇಳಿದ್ದು ಕೊನೆವರೆಗೆ ಕೇಳಿಸಿತು’ ಅಂದಳು.

ಎಲ್ಲ ಮಕ್ಕಳಿಗೂ ಬೇಕು ಅನ್ನುತ್ತಿಲ್ಲ. ನೆರೆಹೊರೆಯವರ ಮಾತು ಕೇಳಿ ಬೇಡ ಅನ್ನಬೇಡಿ, ನನ್ನ ಮಾತು ಕೇಳಿ ಬೇಕು ಅಂತಲೂ ಅನ್ನಬೇಡಿ. ವೈದ್ಯರ ಎದುರು ಕೂತು ಕೇಳಿ.

ಬಿಟ್ಟಂಗಾಲದ ಅಮ್ಮ:

ಥ್ಯಾಂಕ್ಸ್ ಅಣ್ಣ. ನನ್ನ ಗಂಡ ಕೇಳುವುದು ಒಂದೇ ಪ್ರಶ್ನೆ. ಹಾಕಿ ಆಡುವಾಗ ಬಾಲ್ ಮೇಲಿಂದ ಕಣ್ಣು ತೆಗೆಯುವುದಿಲ್ಲ, ಸ್ಪ್ರೇಯರ್ ಮುಂದೆ ಎರಡು ಗಂಟೆ ಕೂರುತ್ತಾನೆ. ಗಮನ ಇಲ್ಲ ಅಂತ ಹೇಗೆ ಹೇಳುತ್ತಾರೆ?

ಮೈಸೂರಲ್ಲಿರುವ ಕೊಡಗಿನವಳು:

ಬಹಳ ಅಪ್ಪಂದಿರು ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಎಡಿಎಚ್‌ಡಿಯಲ್ಲಿ ಗಮನವೇ ಇಲ್ಲ ಅಂತಲ್ಲ. ಬೇಕಾದ ಕಡೆ, ಬೇಕಾದಷ್ಟು ಹೊತ್ತು, ಬೇಸರವಾದರೂ ಗಮನ ಹಿಡಿದಿಡುವುದು ಕಷ್ಟ. ಹಾಕಿಯಲ್ಲಿ ಪ್ರತಿ ಕ್ಷಣ ಏನೋ ಆಗುತ್ತಿರುತ್ತದೆ, ಕೂಡಲೇ ಫಲ ಕಾಣುತ್ತದೆ. ಅಲ್ಲಿ ಗಮನ ತಾನಾಗಿ ನಿಲ್ಲುತ್ತದೆ. 42ನೇ ಪುಟದ ಮೂರನೇ ಪ್ರಶ್ನೆಯಲ್ಲಿ ಹಾಗಿಲ್ಲ.

ಆದರೂ ಅವರ ಅನುಮಾನವನ್ನು ನಾನು ಬದಿಗಿಡುವುದಿಲ್ಲ. ಓದಲು ಬಾರದ ಮಗು ಓದುವ ಹೊತ್ತಿನಲ್ಲಿ ಕಿಟಕಿ ನೋಡುತ್ತದೆ. ಅದು ಗಮನದ ಕೊರತೆಯೋ, ಓದಿನ ಕಷ್ಟದಿಂದ ತಪ್ಪಿಸಿಕೊಳ್ಳುವುದೋ? ಇದನ್ನು ಬಿಡಿಸಲು ನಾವು ಕೇಳುವುದು ಓದು ಇಲ್ಲದ ಕಡೆಯ ಕಥೆ. ಸ್ನಾನಕ್ಕೆ ಹೋಗು ಅಂದರೆ ದಾರಿಯಲ್ಲಿ ಮರೆಯುತ್ತಾನಾ? ಕೊಡೆ, ಟಿಫಿನ್ ಬಾಕ್ಸ್, ಜರ್ಕಿನ್ ಕಳೆದುಕೊಂಡು ಬರುತ್ತಾನಾ? ಅಜ್ಜಿ ಅಂಗಡಿಯಿಂದ ತರಲು ಹೇಳಿದ್ದರಲ್ಲಿ ಒಂದನ್ನು ತಂದು ಎರಡನ್ನು ಬಿಡುತ್ತಾನಾ? 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನುವ ರೋಗನಿರ್ಣಯದ ಕೈಪಿಡಿ ಪ್ರಕಾರ ಮಕ್ಕಳಲ್ಲಿ 9 ಲಕ್ಷಣಗಳಲ್ಲಿ ಕನಿಷ್ಠ 6, ಆರು ತಿಂಗಳಾದರೂ, ಮನೆ ಶಾಲೆಯಂಥ ಎರಡು ಕಡೆಯಾದರೂ ಇರಬೇಕು. 12 ವರ್ಷಕ್ಕಿಂತ ಮೊದಲೇ ಶುರುವಾಗಿರಬೇಕು. ನಿಮ್ಮ 7, ಟೀಚರ್ ಅವರ 6 ಮುಖ್ಯ ಆಗುವುದು ಇದಕ್ಕೇ, ಎರಡು ಕಡೆಯವರೂ ಒಂದೇ ಮಾತು ಹೇಳಿದ್ದಾರೆ. ಫಾರಂ ಒಂದರಿಂದಲೇ, ಕಂಪ್ಯೂಟರ್ ಪರೀಕ್ಷೆ ಒಂದರಿಂದಲೇ ಎಡಿಎಚ್‌ಡಿ ಅಂತ ಹೇಳಲಾಗದು. ಕೂತು ಮಾತಾಡಿ ಇತಿಹಾಸ ಕೇಳಬೇಕು.

ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ? ನಮ್ಮ ಮಳೆಗಾಲದಲ್ಲಿ ನೆಗಡಿ ಬಿಡದೆ ಕಿವಿಯಲ್ಲಿ ನೀರು ನಿಂತು ಅರ್ಧಂಬರ್ಧ ಕೇಳುವ ಮಕ್ಕಳಿದ್ದಾರೆ. ರಿಪೋರ್ಟಿನಲ್ಲಿ ಅದರ ಮಾತೇ ಇಲ್ಲದಿದ್ದರೆ ಮಾಡಿಸಿಬಿಡಿ.

ಎರಡು ದಾರಿ ಅಂದೆನಲ್ಲ. ಗಮನಕ್ಕೆ ದಿನಚರಿ, ಕ್ಲಾಸಿನ ಬದಲಾವಣೆ, ಬೇಕಾದರೆ ಔಷಧ. ಓದಿಗೆ ಮಾತ್ರೆ ಇಲ್ಲ. ಗಮನ ಸುಧಾರಿಸಿದರೆ ಕಲಿಯಲು ಕೂರುತ್ತಾನೆ, ಆದರೆ ಅಕ್ಷರ ಮತ್ತು ಧ್ವನಿ ಸೇರಿಸಿ ಕ್ರಮವಾಗಿ ಕಲಿಸುವುದನ್ನು ಯಾರಾದರೂ ಮಾಡಲೇಬೇಕು. ದಿನಕ್ಕೆ ಸ್ವಲ್ಪ ಹೊತ್ತು, ವಾರದಲ್ಲಿ ಹೆಚ್ಚು ದಿನ. ಭಾನುವಾರ ಒಂದೇ ದಿನ ಮೂರು ಗಂಟೆ ಕೂರಿಸಬೇಡಿ. ಇದರ ಬದಲು ಮಿಡ್‌ಬ್ರೈನ್ ಆಕ್ಟಿವೇಷನ್, ನೆನಪಿನ ಶಕ್ತಿಯ ಟಾನಿಕ್ ಅಂತ ಹೇಳಿಕೊಂಡು ಬರುವವರಿಗೆ ದುಡ್ಡು ಕೊಡಬೇಡಿ. ಕಣ್ಣು ಕಟ್ಟಿ ಓದಿಸುತ್ತೇವೆ ಅನ್ನುವುದಕ್ಕೆ ವಿಜ್ಞಾನದ ಆಧಾರ ಇಲ್ಲ.

ಪಾಲಿಬೆಟ್ಟದ ಮೇಷ್ಟ್ರು:

ನಾನು ಸರ್ಕಾರಿ ಶಾಲೆಯಲ್ಲಿದ್ದೇನೆ. ನಮ್ಮ ಮಕ್ಕಳಲ್ಲಿ ಲೈನ್ ಮನೆಯವರು, ಅಂದರೆ ತೋಟದ ಕಾರ್ಮಿಕರ ಮಕ್ಕಳು, ಜಾಸ್ತಿ. ಮನೆಯಲ್ಲಿ ಯರವ ಭಾಷೆ, ಜೇನುಕುರುಬ ಭಾಷೆ, ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕಾಫಿ ಕುಯ್ಲು ಶುರುವಾದರೆ ಅರ್ಧ ಬೆಂಚು ಖಾಲಿ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗು ಮನೆಯಲ್ಲಿ ನಿಲ್ಲುತ್ತದೆ. ಇವರಲ್ಲಿ ಓದಲು ಬಾರದವರನ್ನು ಕಂಡರೆ, ತೊಂದರೆ ಮಗುವಿನದೋ ನಮ್ಮದೋ ಅನ್ನುವುದೇ ಬಿಡಿಸಲಾಗದು. ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸುವ ಮಾತು ಇವರ ಮುಂದೆ ಆಡುವ ಹಾಗಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ಇವರಿಗೇನು ದಾರಿ?

ಸಂಪನ್ಮೂಲ ಶಿಕ್ಷಕ, ಸೋಮವಾರಪೇಟೆ ಕಡೆ:

ಸರ್, ನಾನು ಬಿಐಇಆರ್‌ಟಿ. ಸಮನ್ವಯ ಶಿಕ್ಷಣಕ್ಕೆ ಬ್ಲಾಕ್ ಮಟ್ಟದಲ್ಲಿ ಇರುವ ಶಿಕ್ಷಕರು ನಾವು. ನಿಮ್ಮ ಬಿಇಓ ಕಚೇರಿ ಮೂಲಕ ಹೇಳಿ ಕಳಿಸಿದರೆ ನಿಮ್ಮ ಬ್ಲಾಕಿನವರು ಶಾಲೆಗೇ ಬರುತ್ತಾರೆ. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಹೆಸರು ಬರೆಸಿ. 2013ರಲ್ಲಿ ಶುರುವಾದ ಆ ಯೋಜನೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆ, ಎಡಿಎಚ್‌ಡಿ ಎರಡೂ ಇವೆ. ಹಲ್ಲು, ಕಣ್ಣು ಮಾತ್ರ ನೋಡಿ ಹೋಗಲು ಬಿಡಬೇಡಿ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಮೈಸೂರಿಗಿಂತ ಮೊದಲು ಅಲ್ಲಿ ತೋರಿಸಬಹುದು. ಮುಂದೆ ಬೇಕಾದರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಫೋನಿನಲ್ಲಿ ಕೇಳುವುದಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾದದ್ದೇ. ಸರಿಯಾಗಿ ಕಲಿಸದೆ, ಶಾಲೆಗೆ ಬರದೆ, ಭಾಷೆ ಬಾರದೆ ಹಿಂದೆ ಬಿದ್ದದ್ದನ್ನು ಕಲಿಕೆಯ ತೊಂದರೆ ಅನ್ನಬಾರದು ಅಂತ ನಿಯಮವೇ ಹೇಳುತ್ತದೆ. ಅದಕ್ಕೇ ಮೊದಲು ಆರು ತಿಂಗಳು ಗುರಿಯಿಟ್ಟು ಕಲಿಸಿ ನೋಡಬೇಕು. ಅದರಲ್ಲಿ ಮೇಲೆ ಬಂದ ಮಗುವಿಗೆ ಬೇಕಿದ್ದದ್ದು ಪಾಠ. ಬಾರದ ಮಗುವನ್ನು ಪರೀಕ್ಷೆಗೆ ಕಳಿಸಿ. ಶಿಕ್ಷಕರೇ ಬಳಸಬಹುದಾದ ‘ದಾಲಿ’ ಅನ್ನುವ ತಪಾಸಣಾ ಪಟ್ಟಿಯನ್ನು ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸಿದ್ಧ ಮಾಡಿದೆ, ಕನ್ನಡದಲ್ಲೂ ಇದೆ.

ಬಿಟ್ಟಂಗಾಲದ ಅಮ್ಮನಿಗೆ ಸರ್ಟಿಫಿಕೇಟ್ ವಿಷಯ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆ ಸೇರಿದೆ. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಬೇರೆಯಾಗಿ ಇಲ್ಲ. ಆದ್ದರಿಂದ ಪರೀಕ್ಷೆಯ ಸೌಲಭ್ಯ ಕೇಳುವಾಗ ರಿಪೋರ್ಟಿನ ಓದಿನ ಭಾಗವೇ ಮುಂದೆ ಬರಬೇಕು. 2018ರ ಕೇಂದ್ರ ಮಾರ್ಗಸೂಚಿ 8 ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, 14 ಮತ್ತು 18ರಲ್ಲಿ ಮತ್ತೆ ಪರೀಕ್ಷೆ ಅಂತ ಇಟ್ಟಿತು. ಖಾಸಗಿ ರಿಪೋರ್ಟೇ ಸರ್ಟಿಫಿಕೇಟ್ ಅಲ್ಲ. ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಮುಂದೆ ಹೋಗಬೇಕು. ರಿಪೋರ್ಟಿಗೆ ಸಹಿ ಹಾಕಿದವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಸಿಬಿಎಸ್‌ಇ 10ನೇ ತರಗತಿಯ ಮೂರು ಗಂಟೆ ಪರೀಕ್ಷೆಗೆ ಇಂಥ ಮಕ್ಕಳಿಗೆ 60 ನಿಮಿಷ ಜಾಸ್ತಿ ಕೊಡುತ್ತದೆ, ಮೂರನೇ ಭಾಷೆಯಿಂದ ವಿನಾಯಿತಿ ಇದೆ. ಕೊಡವ ತಕ್ಕ್ ಆಡುವ ಮಗುವಿಗೆ ಇಂಗ್ಲಿಷ್, ಕನ್ನಡ, ಹಿಂದಿ ಮೂರು ಲಿಪಿ ಹೊರಿಸುವ ಮೊದಲು ಈ ವಿನಾಯಿತಿ ಬಗ್ಗೆ ಕೇಳಿ.

ಬಿಟ್ಟಂಗಾಲದ ಅಮ್ಮ:

ಕಿವಿ ಪರೀಕ್ಷೆ ಆಗಿಲ್ಲ, ಈ ವಾರ ಮಾಡಿಸುತ್ತೇವೆ. ಸೈಕಾಲಜಿಸ್ಟಿಗೆ ಫೋನ್ ಮಾಡಿದೆ. ಮನೆ ಭಾಷೆಯ ಮಾತು ಸೇರಿಸಿ ಕೊಡುತ್ತೇನೆ ಅಂದರು, ಜಿಎಐ ಕೂಡ. ಸ್ನಾನದ ಪ್ರಶ್ನೆಗೆ ಉತ್ತರ ಹೌದು. ಟವೆಲ್ ಹಿಡಿದು ಹೋದವನು ನಾಯಿ ಜೊತೆ ಆಡುತ್ತಾ ಕೂತಿರುತ್ತಾನೆ. ಈ ವರ್ಷ ಮೂರನೇ ಕೊಡೆ.

ಶಾಲೆಗೆ ಇಡೀ ರಿಪೋರ್ಟ್ ಕೊಡಬೇಕಾ? ಅದರಲ್ಲಿ ನಮ್ಮ ಮನೆಯ ವಿಷಯ, ಹೆರಿಗೆಯ ವಿಷಯ ಎಲ್ಲ ಇದೆ.

ಮೈಸೂರಲ್ಲಿರುವ ಕೊಡಗಿನವಳು:

ಬೇಡ. ಪರೀಕ್ಷೆಗಳ ಹೆಸರು, ನಿರ್ಣಯ, ಶಾಲೆ ಏನು ಮಾಡಬೇಕು ಅನ್ನುವ ಸಲಹೆ, ಇಷ್ಟಿರುವ ಒಂದು ಪುಟದ ಸಾರಾಂಶ ಕೇಳಿ ಪಡೆಯಿರಿ. ಮನೆಯ ಇತಿಹಾಸ ಶಾಲೆಗೆ ಬೇಕಿಲ್ಲ.

ಪಾಲಿಬೆಟ್ಟದ ಮೇಷ್ಟ್ರು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಂಕಿಗಳು ಇರಲಿ ಮೇಡಂ. ‘ಓದಿನಲ್ಲಿ ತೊಂದರೆ’ ಅಂತ ಒಂದೇ ಸಾಲು ಬಂದರೆ ನಮ್ಮಲ್ಲಿ ಕೆಲವರು ಬುದ್ಧಿ ಕಡಿಮೆ ಅಂತಲೇ ತಿಳಿಯುತ್ತಾರೆ. 117 ಕಣ್ಣಿಗೆ ಬಿದ್ದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮೈಸೂರಲ್ಲಿರುವ ಕೊಡಗಿನವಳು:

ಇದು ಒಳ್ಳೆಯ ಮಾತು ಸರ್. ಹಾಗಾದರೆ ನಾಲ್ಕು ಭಾಗದ ಅಂಕಿ ಸಾರಾಂಶದಲ್ಲಿ ಇರಲಿ, ಒಟ್ಟು 93 ಬೇಡ.

ಬಿಟ್ಟಂಗಾಲದ ಅಮ್ಮ:

ಗುರುವಾರ ಪ್ರಿನ್ಸಿಪಾಲರ ಜೊತೆ ಮೀಟಿಂಗ್. ನಾನು ಬರೆದ ಪತ್ರ ಇದು, ಮಿಸ್ ಒಮ್ಮೆ ನೋಡಿ.

‘ಮಾನ್ಯರೇ, ನಮ್ಮ ಮಗನ ಅಸೆಸ್‌ಮೆಂಟ್ ಸಾರಾಂಶ ಲಗತ್ತಿಸಿದ್ದೇವೆ. ಅವನು ನೋಡಿ, ಮಾಡಿ ಚೆನ್ನಾಗಿ ಕಲಿಯುತ್ತಾನೆ. ಓದಲು, ಬರೆಯಲು ಜಾಸ್ತಿ ಸಮಯ ಬೇಕು. ಬೋರ್ಡಿನ ನೋಟ್ಸ್‌ನ ಜೆರಾಕ್ಸ್ ಅಥವಾ ಫೋಟೊ ಕೊಡಬೇಕು. ಒಂದು ಸಲಕ್ಕೆ ಒಂದೇ ಸೂಚನೆ ಹೇಳಬೇಕು. ತರಗತಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದು. ಸಮಾಜ ಮತ್ತು ವಿಜ್ಞಾನದಲ್ಲಿ ಸ್ಪೆಲಿಂಗ್ ತಪ್ಪಿಗೆ ಮಾರ್ಕ್ಸ್ ಕಳೆಯಬಾರದು. ಸಾಧ್ಯವಾದಷ್ಟು ಸಹಕರಿಸಬೇಕಾಗಿ ವಿನಂತಿ.’

ಗೋಣಿಕೊಪ್ಪ ಮಿಸ್:

ಚೆನ್ನಾಗಿದೆ ಅಕ್ಕ. ಎರಡು ಬದಲಾವಣೆ. ಕೊನೆಯ ಸಾಲು ತೆಗೆದು, ‘2016ರ ಕಾಯ್ದೆಯ 16ನೇ ಕಲಂ ಪ್ರಕಾರ ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಿ ತಕ್ಕ ಕ್ರಮ ತೆಗೆದುಕೊಳ್ಳುವುದು ಶಾಲೆಯ ಕರ್ತವ್ಯ, ಇದರಲ್ಲಿ ನಾವೂ ಜೊತೆಗಿರುತ್ತೇವೆ’ ಅಂತ ಬರೆಯಿರಿ. ಸಾಧ್ಯವಾದಷ್ಟು ಅಂದರೆ ಸಾಧ್ಯವಿಲ್ಲ ಅನ್ನಲು ದಾರಿ ಬಿಟ್ಟ ಹಾಗೆ. ಇನ್ನೊಂದು, ಯಾವ ಟೀಚರ್ ಇದನ್ನು ನೋಡಿಕೊಳ್ಳುತ್ತಾರೆ, ಮತ್ತೆ ಯಾವಾಗ ಕೂತು ಮಾತಾಡೋಣ ಅನ್ನುವುದನ್ನು ಮೀಟಿಂಗಿನಲ್ಲೇ ಬರೆಸಿಕೊಂಡು ಎರಡು ಕಡೆಯವರೂ ಸಹಿ ಹಾಕಿ. ಪತ್ರದ ಒಂದು ಪ್ರತಿಗೆ ಶಾಲೆಯ ಸೀಲ್ ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ. ಮುಂದಿನ ವರ್ಷ ಟೀಚರ್ ಬದಲಾದಾಗ ಅದೇ ಬೇಕಾಗುತ್ತದೆ.